ಕೊಡಗಿನ ಕೋವಿಗೆ ಅಮೆರಿಕದ ವಾದ ಬೇಡ

ಮಾನ್ಯ ಸಂಪಾದಕರೇ,

ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡಗಿನವರಿಗಿರುವ ವಿನಾಯಿತಿಯ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಕೆಲವು ವಾರಗಳಿಂದ ಬರುತ್ತಿರುವ ವಾಚಕರ ಪತ್ರಗಳನ್ನು ಒಂದನ್ನೂ ಬಿಡದೆ ಓದಿದ್ದೇನೆ. ವಿನಾಯಿತಿಯನ್ನು ರದ್ದುಮಾಡಬೇಕೆಂದು ಹೊರಜಿಲ್ಲೆಗಳಿಂದ ಬರೆದವರ ಮಾತು ನನಗೆ ಹೊಸದಲ್ಲ. ನನ್ನನ್ನು ಕಾಡಿದ್ದು ಅವರಿಗೆ ನಮ್ಮವರೇ ಕೊಟ್ಟ ಉತ್ತರ. ಅಮೆರಿಕದಲ್ಲಿ ಸಾಮಾನ್ಯ ಪ್ರಜೆಯೂ ಪಿಸ್ತೂಲನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಪೇಟೆಗೆ ಹೋಗುತ್ತಾನೆ, ಆಯುಧ ಧರಿಸುವುದು ಮನುಷ್ಯನ ಹುಟ್ಟುಹಕ್ಕು, ಕೊಡಗಿನವರ ಹಕ್ಕೂ ಅಂಥದ್ದೇ, ಅದಕ್ಕೆ ಯಾವ ಷರತ್ತನ್ನೂ ಒಪ್ಪಬಾರದು ಎಂದು ಇಬ್ಬರು ಯುವಕರು ಬರೆದಿದ್ದರು. ಅವರ ಅಭಿಮಾನ ನನಗೆ ಅರ್ಥವಾಗುತ್ತದೆ. ಆದರೆ ಈ ವಾದವನ್ನು ಹಿಡಿದು ಹೊರಟರೆ ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಉಳಿದು ಬಂದಿರುವ ಕೋವಿಯನ್ನು ನಾವೇ ಕಳೆದುಕೊಳ್ಳುತ್ತೇವೆ ಎಂಬ ಭಯದಿಂದ ಇದನ್ನು ಬರೆಯುತ್ತಿದ್ದೇನೆ. ನಾನು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು, ಈಗ ಸ್ವಲ್ಪ ಕಾಫಿ ತೋಟ ನೋಡಿಕೊಂಡಿರುವವಳು. ಯಜಮಾನರು ತೀರಿಕೊಂಡ ಮೇಲೆ ಮನೆಯ ಜೋಡು ನಳಿಗೆಯ ಕೋವಿ ನನ್ನ ಹೆಸರಿನಲ್ಲೇ ಇದೆ.

ಮೊದಲು ನಮ್ಮ ವಿನಾಯಿತಿ ಏನೆಂಬುದನ್ನು ಇದ್ದ ಹಾಗೆ ಹೇಳಿಬಿಡಬೇಕು. ಕೊಡಗನ್ನು ಆಳಿದ ಹಾಲೇರಿ ಅರಸರ ಕಾಲದಲ್ಲಿ ಕರೆ ಬಂದಾಗ ಆಯುಧ ಹಿಡಿದು ಬರುವ ಹೊಣೆಯ ಮೇಲೆ ಒಕ್ಕಗಳಿಗೆ, ಅಂದರೆ ಮನೆತನಗಳಿಗೆ, ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿ ಸಿಕ್ಕಿತು. 1834ರಲ್ಲಿ ಆ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. 1857ರ ದಂಗೆಯ ನಂತರ ದೇಶದ ಜನರಿಂದ ಆಯುಧ ಕಿತ್ತುಕೊಳ್ಳುವ ಕಾನೂನು ಬಂದಾಗ, 1861ರಲ್ಲಿ ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅದು ಕೊಡಗಿನವರಿಗೆ ಅನ್ವಯಿಸುವುದಿಲ್ಲವೆಂದು ಪ್ರಕಟಣೆ ಹೊರಡಿಸಿದರು. ಆ ಪ್ರಕಟಣೆಯಲ್ಲಿ ನಮ್ಮ ಶೌರ್ಯದ ಹೊಗಳಿಕೆಯ ಜೊತೆಗೇ ಸರಕಾರಕ್ಕೆ ನಾವು ಸಲ್ಲಿಸಿದ ಸೇವೆಯ ನೆನಪೂ ಇದೆ. ಆ ಸೇವೆಯಲ್ಲಿ ಬ್ರಿಟಿಷರ ವಿರುದ್ಧದ 1837ರ ಅಮರ ಸುಳ್ಯದ ಹೋರಾಟವನ್ನು ಅಡಗಿಸಲು ನೆರವಾದದ್ದೂ ಸೇರಿದೆ ಎಂಬುದನ್ನು ನಾವು ಮಕ್ಕಳಿಗೆ ಹೇಳುವಾಗ ಮರೆಮಾಚುತ್ತೇವೆ. ಹೋರಾಡಿದವರಲ್ಲಿ ನಮ್ಮ ನೆರೆಮನೆಯ ಅರೆಭಾಷೆ ಗೌಡರ ಹಿರಿಯರೂ ಇದ್ದರು. ಅದೇ ಗೌಡ ಮನೆತನಗಳಲ್ಲಿ ಜಮ್ಮಾ ಹಿಡುವಳಿದಾರರಾದ ಅನೇಕರಿಗೆ ಇಂದು ಕೊಡವರಾದ ನಮ್ಮಂತೆಯೇ ವಿನಾಯಿತಿ ಇದೆ. ಇದು ಒಂದು ಜಾತಿಯ ಸೊತ್ತೆಂದು ಬರೆದವರು ಅಧಿಸೂಚನೆಯಲ್ಲಿರುವ ಜಮ್ಮಾ ಹಿಡುವಳಿದಾರರೆಂಬ ಮಾತನ್ನು ಗಮನಿಸಿದಂತಿಲ್ಲ.

ಸ್ವಾತಂತ್ರ್ಯಾನಂತರ 1959ರ ಆಯುಧ ಕಾಯ್ದೆಯ 41ನೇ ಕಲಮಿನ ಅಡಿಯಲ್ಲಿ ಕೇಂದ್ರ ಸರಕಾರ ಈ ವಿನಾಯಿತಿಯನ್ನು ಮುಂದುವರಿಸಿತು. 2019ರ ಅಕ್ಟೋಬರ್ 29ರ ಅಧಿಸೂಚನೆ ಅದಕ್ಕೆ 2029ರ ಅಕ್ಟೋಬರ್ 31ರ ವರೆಗೆ ಅವಧಿ ಕೊಟ್ಟಿದೆ. ಸಮಾನತೆಯ ತತ್ವಕ್ಕೆ ಇದು ವಿರುದ್ಧವೆಂದು ಸಲ್ಲಿಸಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ವಜಾ ಮಾಡಿದಾಗ ನಾವೆಲ್ಲ ಸಿಹಿ ಹಂಚಿದೆವು. ಆದರೆ ತೀರ್ಪಿನ ತರ್ಕವನ್ನು ಎಷ್ಟು ಜನ ಓದಿದರು? ಈ ವಿನಾಯಿತಿ ಅನಿರ್ದಿಷ್ಟ ಕಾಲದ್ದಲ್ಲ, ಹತ್ತು ವರ್ಷದ್ದು, ಅದೂ ಷರತ್ತುಗಳಿಗೆ ಒಳಪಟ್ಟದ್ದು ಎಂಬುದೂ ಅದು ಊರ್ಜಿತವಾಗಲು ಒಂದು ಕಾರಣ. ಷರತ್ತೇ ಬೇಡವೆನ್ನುವವರು ಗೆಲುವಿಗೆ ಕಾರಣವಾದ ಕಂಬವನ್ನೇ ಕಡಿಯುತ್ತಿದ್ದಾರೆ.

ಇನ್ನು ಅಮೆರಿಕದ ವಿಷಯ. ಅಲ್ಲಿಯ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೇ ತಿದ್ದುಪಡಿಯ ವಾಕ್ಯ ಆರಂಭವಾಗುವುದು ಸ್ವತಂತ್ರ ರಾಜ್ಯದ ರಕ್ಷಣೆಗೆ ಸುವ್ಯವಸ್ಥಿತ ನಾಗರಿಕ ಪಡೆ ಅಗತ್ಯವೆಂಬ ಮಾತಿನಿಂದ. ಅದನ್ನು ಓದಿದಾಗ ನನಗೆ ಜಮ್ಮಾದ ನೆನಪೇ ಬಂತು. ಅಲ್ಲಿಯೂ ಇಲ್ಲಿಯೂ ಆಯುಧ ಮೊದಲು ಮನೆಗೆ ಬಂದದ್ದು ನಾಡಿನ ಕರೆಗೆ ಓಗೊಡುವ ಹೊಣೆಯ ಜೊತೆಗೆ. ಹೋಲಿಕೆ ಅಲ್ಲಿಗೆ ಮುಗಿಯುತ್ತದೆ. 2008ರ ಹೆಲ್ಲರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಈ ಹಕ್ಕು ನಾಗರಿಕ ಪಡೆಗೆ ಸಂಬಂಧಿಸದ, ಪ್ರತಿಯೊಬ್ಬ ವ್ಯಕ್ತಿಯ ಹಕ್ಕೆಂದೂ ಮನೆಯೊಳಗಿನ ಆತ್ಮರಕ್ಷಣೆಗೆ ಪಿಸ್ತೂಲು ಇಟ್ಟುಕೊಳ್ಳುವುದು ಅದರಲ್ಲಿ ಸೇರಿದೆಯೆಂದೂ ಹೇಳಿತು. 2022ರ ಬ್ರೂಯೆನ್ ತೀರ್ಪು ಅದನ್ನು ಮನೆಯ ಹೊಸಿಲು ದಾಟಿಸಿ ಬೀದಿಗೆ ತಂದಿತು. ಪಿಸ್ತೂಲನ್ನು ಮರೆಯಲ್ಲಿಟ್ಟುಕೊಂಡು ಓಡಾಡಬೇಕಾದರೆ ವಿಶೇಷ ಕಾರಣ ತೋರಿಸಬೇಕೆನ್ನುತ್ತಿದ್ದ, 1911ರಿಂದ ಬೆಳೆದು ಬಂದಿದ್ದ ನ್ಯೂಯಾರ್ಕಿನ ನಿಯಮ ಬಿದ್ದುಹೋಯಿತು. ಈಗ ಅರ್ಧಕ್ಕೂ ಹೆಚ್ಚು ರಾಜ್ಯಗಳಲ್ಲಿ ಪಿಸ್ತೂಲನ್ನು ಹೀಗೆ ಧರಿಸಲು ಪರವಾನಗಿಯೇ ಬೇಕಿಲ್ಲ. ನನ್ನ ಮಗ ಕೆಲಸಕ್ಕಿರುವ ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರ್ 1ರಿಂದ ಈ ವ್ಯವಸ್ಥೆಯಿದೆ.

ನಮ್ಮ ಸಂವಿಧಾನದ ಮೂಲಭೂತ ಹಕ್ಕುಗಳಲ್ಲಿ ಜನಸಾಮಾನ್ಯರ ಕೈಯ ಆಯುಧದ ಮಾತು ಬರುವುದು 19ನೇ ವಿಧಿಯಲ್ಲಿ, ಶಾಂತಿಯಿಂದ ಮತ್ತು ಆಯುಧಗಳಿಲ್ಲದೆ ಸಭೆ ಸೇರುವ ಹಕ್ಕೆಂದು. ಅದರ ಅಡಿಯಲ್ಲಿ ಬದುಕುವ ನಾವು ಎರಡನೇ ತಿದ್ದುಪಡಿಯನ್ನು ಎರವಲು ತಂದು ನ್ಯಾಯಾಲಯದ ಮುಂದೆ ನಿಂತರೆ ಸಿಗುವ ಉತ್ತರವೇನೆಂದು ಊಹಿಸುವುದು ಕಷ್ಟವಲ್ಲ. ದೇಶದ ಇತರರಿಗೆಲ್ಲ ಕೋವಿ ಪರವಾನಗಿಯ ಮೇಲೆ ಸಿಗುವ ವಸ್ತು. ನಮಗೆ ಆ ಪರವಾನಗಿಯಿಂದ ವಿನಾಯಿತಿ ಸಿಕ್ಕಿದೆ. ವಿನಾಯಿತಿಯೆಂದರೆ ಲೆಕ್ಕಕ್ಕೆ ಸಿಗದ ಕೋವಿ ಎಂದೂ ಅಲ್ಲ. ಜಿಲ್ಲಾಧಿಕಾರಿ ಕಚೇರಿಯಿಂದ ವಿನಾಯಿತಿ ಪತ್ರ ಪಡೆಯಬೇಕು, ಜಮ್ಮಾದ ದಾಖಲೆ ತೋರಿಸಬೇಕು, ಜಿಲ್ಲೆಯ ಗಡಿ ದಾಟಿದರೆ ಎಷ್ಟು ಕೋವಿ, ಎಷ್ಟು ತೋಟೆ ಎಂಬ ಮಿತಿಯೂ ಇದೆ. ರದ್ದತಿ ಕೇಳುವ ಹೊರಜಿಲ್ಲೆಯ ಓದುಗರು ಇದನ್ನು ತಿಳಿದುಕೊಂಡು ಬರೆದಿದ್ದರೆ ಚೆನ್ನಾಗಿತ್ತು.

ಈಗ ನನ್ನ ಮುಖ್ಯವಾದ ಮಾತಿಗೆ ಬರುತ್ತೇನೆ. ಕೊಡಗಿನ ಮನೆಯಲ್ಲಿ ಕೋವಿಗಿರುವ ಕೆಲಸ ಯಾವುದು? ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು. ಆ ಸದ್ದು ಕೇಳಿಯೇ ಬೆಟ್ಟದಾಚೆಯ ನೆಂಟರು ವಿಷಯ ತಿಳಿದು ಹೊರಟುಬರುತ್ತಿದ್ದರು. (ನಮ್ಮ ಮನೆಯಲ್ಲಿ ಮಗಳ ಮಗಳು ಹುಟ್ಟಿದಾಗಲೂ ಗುಂಡು ಹಾರಿಸಿದೆವು. ಇದನ್ನು ಎಲ್ಲ ಮನೆಗಳೂ ಮಾಡಲಿ ಎಂಬುದು ನನ್ನ ಆಸೆ.) ಸುಗ್ಗಿಯ ಹಬ್ಬವಾದ ಪುತ್ತರಿಯ ರಾತ್ರಿ ಗದ್ದೆಯಲ್ಲಿ ಕದಿರು ಕೊಯ್ಯುವ ಹೊತ್ತಿಗೆ ಗುಂಡು ಹಾರುತ್ತದೆ. ನಾಟಿ ಕೆಲಸ ಮುಗಿದು ಸೆಪ್ಟೆಂಬರಿನಲ್ಲಿ ಬರುವ ಆಯುಧಪೂಜೆಯ ಹಬ್ಬ ಕೈಲ್‌ ಪೊಳ್ದ್‌ನಂದು ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ತೊಳೆದು ಒರೆಸಿ, ನೆಲ್ಲಕ್ಕಿ ಬಾಡೆಯೆಂಬ ನಡುಮನೆಯಲ್ಲಿ ದೀಪದ ಮುಂದಿಟ್ಟು, ತೋಕ್‌ ಪೂ ಎಂಬ ಹೂವನ್ನು ಏರಿಸಿ ಪೂಜಿಸುತ್ತೇವೆ; ಮಧ್ಯಾಹ್ನ ಮೈದಾನದಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆಯಲ್ಲಿ ಹೆಣ್ಣುಮಕ್ಕಳೂ ನಿಲ್ಲುತ್ತಾರೆ. ಉಳಿದ ದಿನಗಳಲ್ಲಿ ತೋಟಕ್ಕೆ ಇಳಿದ ಆನೆಯನ್ನು ಬೆದರಿಸಲು, ಗದ್ದೆ ಕಾಯಲು ಅದು ಬೇಕು. ಈ ಯಾವ ಕೆಲಸದಲ್ಲಿಯೂ ಕೋವಿಯ ಗುರಿ ಮನುಷ್ಯನಲ್ಲ. ಮರೆಯಲ್ಲಿ ಪಿಸ್ತೂಲು ಧರಿಸುವುದಾದರೋ ಎದುರಿಗೆ ಬರುವ ಮನುಷ್ಯ ಶತ್ರುವಾಗಿರಬಹುದು ಎಂಬ ಎಣಿಕೆಯ ಮೇಲೆಯೇ ನಿಂತ ಅಭ್ಯಾಸ. ಮದುಮಗನ ಸೊಂಟದ ಚೇಲೆ ಎಂಬ ಪಟ್ಟಿಯಲ್ಲಿ ಪೀಚೆಕತ್ತಿ ಎಲ್ಲರ ಕಣ್ಣಿಗೆ ಕಾಣುವಂತೆ ಹೊಟ್ಟೆಯ ಮುಂದೆಯೇ ಇರುತ್ತದೆ. ನೆಂಟರ ನಡುವೆ ಬಚ್ಚಿಟ್ಟುಕೊಂಡು ತಿರುಗುವ ಆಯುಧ ನಮ್ಮ ಯಾವ ಪದ್ಧತಿಯಲ್ಲಿದೆ?

ಕಾನೂನಿನ ಒಂದು ಸೂಕ್ಷ್ಮವನ್ನು ಇಲ್ಲಿ ಹೇಳಬೇಕು, ಏಕೆಂದರೆ ಪತ್ರ ಬರೆದ ಯುವಕರೊಬ್ಬರು ಅದನ್ನು ತಮ್ಮ ವಾದಕ್ಕೆ ಬಳಸಿದ್ದಾರೆ. 2016ರ ಆಯುಧ ನಿಯಮಗಳ 32ನೇ ನಿಯಮದಂತೆ ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲನ್ನು ಅದಕ್ಕೆಂದೇ ಮಾಡಿದ ಚೀಲ ಅಥವಾ ಒರೆಯಲ್ಲಿಟ್ಟು, ಪೂರ್ತಿಯಾಗಿ ಮುಚ್ಚಿ, ತನ್ನ ಹತೋಟಿಯಲ್ಲೇ ಒಯ್ಯಬೇಕು. ಹಾಗಾದರೆ ಮುಚ್ಚಿಟ್ಟುಕೊಂಡು ಓಡಾಡುವುದನ್ನು ಕಾನೂನೇ ಹೇಳುತ್ತದಲ್ಲವೇ ಎಂಬುದು ಅವರ ಪ್ರಶ್ನೆ. ಅದೇ ನಿಯಮ ಸಾರ್ವಜನಿಕ ಸ್ಥಳದಲ್ಲಿ ಆಯುಧ ಝಳಪಿಸುವುದನ್ನೂ ಗುಂಡು ಹಾರಿಸುವುದನ್ನೂ ನಿಷೇಧಿಸುತ್ತದೆ. ಮುಚ್ಚಿ ಒಯ್ಯಿರಿ ಎನ್ನುವುದು ನೋಡಿದವರು ಹೆದರದಿರಲಿ, ಕೈತಪ್ಪಿ ಅನಾಹುತವಾಗದಿರಲಿ ಎಂಬ ಕಾರಣಕ್ಕೆಂದು ನಾನು ಓದಿಕೊಂಡಿದ್ದೇನೆ. ಸಂತೆಗೂ ಮದುವೆಗೂ ಪಿಸ್ತೂಲು ಒಯ್ಯಲು ಕೊಟ್ಟ ಉತ್ತೇಜನವೆಂದು ಅದನ್ನು ಓದಲಾರೆ.

ಇದನ್ನು ನಾನು ಕಲ್ಪಿಸಿಕೊಂಡು ಹೇಳುತ್ತಿಲ್ಲ. ಕಳೆದ ಬೇಸಿಗೆಯಲ್ಲಿ ಒಂದು ಮದುವೆಯ ಊಟದ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಹುಡುಗ ತಟ್ಟೆ ಎತ್ತಿಕೊಳ್ಳಲು ಬಾಗಿದಾಗ ಅವನ ಕೋಟಿನ ಕೆಳಗೆ ಪಿಸ್ತೂಲಿನ ಹಿಡಿ ಕಂಡಿತು. ಅವನು ನನ್ನ ಹಳೆಯ ವಿದ್ಯಾರ್ಥಿ, ಒಳ್ಳೆಯ ಮನೆತನದವನು, ಕೆಟ್ಟ ಹುಡುಗನಲ್ಲ. ಪಕ್ಕಕ್ಕೆ ಕರೆದು ಕೇಳಿದೆ. “ಟೀಚರೇ, ಯಾವಾಗಲೂ ಇರುತ್ತೆ, ಅಭ್ಯಾಸ ಆಗಿದೆ” ಎಂದ. ಅವನ ಕೈಯಲ್ಲಿ ಅದಾಗಲೇ ಒಂದು ಗ್ಲಾಸು ಇತ್ತು. ನಮ್ಮ ಸಮಾರಂಭಗಳಲ್ಲಿ ಮದ್ಯಕ್ಕೆ ಸ್ಥಾನವಿದೆ ಎಂಬುದನ್ನು ಅಡಗಿಸಿ ಫಲವಿಲ್ಲ. ಮದ್ಯ ಮತ್ತು ತುಂಬಿದ ಪಿಸ್ತೂಲು ಒಂದೇ ಮೇಜಿನಲ್ಲಿ ಇರಕೂಡದೆಂದು ಹೇಳಬೇಕಾದವರು ಪೊಲೀಸರಲ್ಲ, ಮದುವೆಗೆ ಕರೆದ ಮನೆಯವರು.

ಮನೆಯೊಳಗಿನ ಕೋವಿಯ ವಿಷಯದಲ್ಲಿಯೂ ನಾವು ಎಚ್ಚರದವರೆಂದು ಹೇಳಿಕೊಳ್ಳುತ್ತೇವೆ. ನಾನೂ ಹೇಳುತ್ತಿದ್ದೆ, 1987ರ ಅಕ್ಟೋಬರ್ ತಿಂಗಳವರೆಗೆ. ಯಜಮಾನರು ಆಗ ಸೈನ್ಯದಲ್ಲಿದ್ದರು. ಭತ್ತ ಹಾಲುಗಟ್ಟುವ ಹೊತ್ತು. ಹಂದಿ ಕಾಯಲು ಮಾವನವರು ರಾತ್ರಿಯೆಲ್ಲ ಗದ್ದೆಯ ಅಟ್ಟಣಿಗೆಯಲ್ಲಿ ಕೂತು ಬೆಳಗಿನ ಜಾವ ಬಂದು ಮಲಗಿದ್ದರು. ಅವರದು ಹಳೆಯ ಕೇಪಿನ ಕೋವಿ. ಬಾಯಿಂದ ಮದ್ದು, ಬಟ್ಟೆ, ಚರೆ ಹಾಕಿ ಗಜದಿಂದ ಜಡಿದು ಈಡು ತುಂಬಿದ ಮೇಲೆ ಅದನ್ನು ಹೊರತೆಗೆಯುವುದು ಸುಲಭದ ಕೆಲಸವಲ್ಲ. ಹಾಗಾಗಿ ರಾತ್ರಿ ಹೊಡೆಯದೆ ಉಳಿದ ಈಡನ್ನು ನಾಳೆಗಿರಲಿ ಎಂದು ಹಾಗೆಯೇ ಬಿಡುವ ರೂಢಿ ಎಲ್ಲ ಮನೆಗಳಲ್ಲಿಯೂ ಇತ್ತು. ಮದ್ದಿಗೆ ಕಿಡಿ ಹತ್ತಿಸುವ ಕೇಪನ್ನು ಕಿತ್ತಿಡಬೇಕಿತ್ತು, ದಣಿದಿದ್ದ ಮಾವನವರು ಮರೆತಿದ್ದರು. ನಾನು ಅಡುಗೆಮನೆಯಲ್ಲಿ ಅಕ್ಕಿರೊಟ್ಟಿ ಬೇಯಿಸುತ್ತಿದ್ದಾಗ ಒಳಗಿನಿಂದ ಕೋವಿಯ ಕುದುರೆ, ಅಂದರೆ ಕೇಪನ್ನು ಬಡಿಯುವ ಸುತ್ತಿಗೆ, ಬಿದ್ದ ಸದ್ದು ಕೇಳಿತು. ಓಡಿಹೋಗಿ ನೋಡಿದರೆ ಒಂಬತ್ತು ವರ್ಷದ ಮಗ ಕೋವಿ ಹಿಡಿದು ನಿಂತಿದ್ದಾನೆ. ನಾಲ್ಕು ಹೆಜ್ಜೆ ಮುಂದೆ ನೆಲದ ಮೇಲೆ ಅವನ ತಂಗಿ ಕೂತಿದ್ದಾಳೆ. ಕುದುರೆ ಕೇಪಿನ ಮೇಲೆ ಬಿದ್ದಿತ್ತು. ಮೂರು ದಿನದಿಂದ ಹಿಡಿದಿದ್ದ ಹಿಂಗಾರಿನ ಮಳೆಯ ತೇವಕ್ಕೆ ಅದು ಹತ್ತಿರಲಿಲ್ಲ, ಅಷ್ಟೇ. ಮಾವನವರು ಆ ಮೇಲೆ ಹನ್ನೊಂದು ವರ್ಷ ಬದುಕಿದ್ದರು, ಆ ಕೋವಿಯನ್ನು ಮತ್ತೆ ಮುಟ್ಟಲಿಲ್ಲ.

ಆ ಮಗನೇ ಈಗ ಟೆಕ್ಸಾಸಿನಲ್ಲಿರುವವನು. ಅವನ ಮಗಳ ಶಾಲೆಯಲ್ಲಿ ಬಂದೂಕುಧಾರಿ ನುಗ್ಗಿದರೆ ದೀಪ ಆರಿಸಿ, ಬಾಗಿಲು ಭದ್ರಪಡಿಸಿ, ಸದ್ದು ಮಾಡದೆ ಕೂರುವುದನ್ನು ಮಕ್ಕಳಿಗೆ ಅಭ್ಯಾಸ ಮಾಡಿಸುತ್ತಾರಂತೆ. ಅದೇ ರಾಜ್ಯದ ಯುವಾಲ್ಡಿ ಎಂಬ ಊರಿನ ಪ್ರಾಥಮಿಕ ಶಾಲೆಯಲ್ಲಿ 2022ರ ಮೇ 24ರಂದು 19 ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು ಗುಂಡಿಗೆ ಬಲಿಯಾದರು. ಇಡೀ ಜೀವನ ತರಗತಿಯಲ್ಲಿ ಕಳೆದ ನನಗೆ ಆ ದಿನದ ಸುದ್ದಿ ಓದಿ ರಾತ್ರಿ ನಿದ್ದೆ ಬರಲಿಲ್ಲ. ಅಲ್ಲಿಯ ಪಿಸ್ತೂಲು ಸಂಸ್ಕೃತಿಯನ್ನು ನಮಗೆ ಮಾದರಿಯಾಗಿ ತೋರಿಸುವವರು ಆ ಮಕ್ಕಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇನ್ನೊಂದು ಲೆಕ್ಕ ಇದಕ್ಕಿಂತ ದೊಡ್ಡದು, ಅದರ ಬಗ್ಗೆ ಅಲ್ಲಿಯೂ ಮಾತು ಕಡಿಮೆ. 2021ರಲ್ಲಿ ಅಮೆರಿಕದಲ್ಲಿ ಗುಂಡೇಟಿನಿಂದ ಸತ್ತವರು 48,830 ಜನ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಯಾರೂ ಕೊಂದಿರಲಿಲ್ಲ. ತಮ್ಮ ಮೇಲೆ ತಾವೇ ಗುಂಡು ಹಾರಿಸಿಕೊಂಡವರು ಅವರು. ಕಳ್ಳನಿಗೆಂದು ಇಟ್ಟುಕೊಂಡ ಆಯುಧ ಮನೆಯವರ ದುಃಖದ ಗಳಿಗೆಯಲ್ಲಿ ಕೈಗೆ ಸಿಕ್ಕಿತು. ಕರಿಮೆಣಸಿನ ಬೆಲೆ ಬಿದ್ದಾಗ, ಸಾಲ ಏರಿದಾಗ, ಮಕ್ಕಳೆಲ್ಲ ಊರು ಬಿಟ್ಟು ದೊಡ್ಡ ಮನೆಯಲ್ಲಿ ಒಬ್ಬೊಬ್ಬರೇ ಉಳಿದಾಗ ನಮ್ಮಲ್ಲಿಯೂ ಅಂಥ ಗಳಿಗೆಗಳಿವೆ. ಯಾವ ಊರು, ಯಾವ ಮನೆ ಎಂದು ನಾನು ಹೇಳುವುದಿಲ್ಲ; ಕೊಡಗಿನ ಓದುಗರಿಗೆ ಅವರವರ ನೆನಪಿಗೆ ಬರುವ ಮನೆಗಳೇ ಸಾಕು. ಕೋವಿಗೆ ಬೀಗವಿದ್ದು, ಬೀಗದ ಕೈ ಬೇರೊಬ್ಬರ ಬಳಿ ಇದ್ದು, ಆ ಒಂದು ಗಂಟೆ ಕಳೆದುಹೋಗಿದ್ದರೆ ಬದುಕಿ ಉಳಿಯುತ್ತಿದ್ದವರು ಅವರಲ್ಲಿದ್ದರು ಎಂದು ನಾನು ನಂಬುತ್ತೇನೆ.

ಅಮೆರಿಕದ ಕೆಲವು ರಾಜ್ಯಗಳಲ್ಲಿ ಇಂಥ ಹೊತ್ತಿನಲ್ಲಿ ಮನೆಯವರು ನ್ಯಾಯಾಲಯಕ್ಕೆ ಹೋಗಿ ಸ್ವಲ್ಪ ಕಾಲದ ಮಟ್ಟಿಗೆ ಬಂದೂಕನ್ನು ತೆಗೆದಿರಿಸುವ ಆದೇಶ ಪಡೆಯಬಹುದು. ಬ್ರೂಯೆನ್ ತೀರ್ಪು ಕೊಟ್ಟ ಅದೇ ಸುಪ್ರೀಂ ಕೋರ್ಟ್ 2024ರ ರಹೀಮಿ ಪ್ರಕರಣದಲ್ಲಿ, ಸಂಗಾತಿಯ ಜೀವಕ್ಕೆ ಅಪಾಯವೆಂದು ನ್ಯಾಯಾಲಯ ಕಂಡುಕೊಂಡ ವ್ಯಕ್ತಿಯ ಕೈಯಲ್ಲಿ ಬಂದೂಕು ಇರದಂತೆ ತಡೆಯುವುದು ಸಂವಿಧಾನಬದ್ಧವೆಂದು ಎಂಟು-ಒಂದರ ಬಹುಮತದಿಂದ ಹೇಳಿತು. ಅಮೆರಿಕದ ಹೆಸರು ಹೇಳುವವರು ಈ ತೀರ್ಪನ್ನೂ ಉಲ್ಲೇಖಿಸಬೇಕಿತ್ತು. ಅಲ್ಲಿ ನ್ಯಾಯಾಧೀಶರ ಸಹಿ ಬೇಕಾದ ಕೆಲಸಕ್ಕೆ ನಮ್ಮಲ್ಲಿ ಒಕ್ಕದ ಹಿರಿಯರಾದ ಪಟ್ಟೆದಾರರ ಒಂದು ಮಾತು ಸಾಕಾಗಬಹುದು. ಆಯುಧ ಕಾನೂನಿನಲ್ಲಿಯೇ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ವ್ಯಾಪಾರಿಯ ಬಳಿ ಠೇವಣಿ ಇಡುವ ಅವಕಾಶವಿದೆ. ಚುನಾವಣೆ ಬಂದಾಗಲೆಲ್ಲ ಕೋವಿ ಠೇವಣಿ ಇಡಬೇಕೆಂಬ ಆದೇಶದ ವಿಷಯದಲ್ಲಿ ನಾವು ಜಗಳವಾಡುತ್ತೇವೆ, ಮತ್ತು ಆನೆ ಹಂದಿಗಳ ಕಾಟವಿರುವ ಮನೆಯಿಂದ ಗೊತ್ತುಗುರಿಯಿಲ್ಲದೆ ಕೋವಿ ಒಯ್ಯುವುದನ್ನು ವಿರೋಧಿಸುವುದು ಸರಿಯೇ. ಆದರೆ ಮನೆಯ ಒಬ್ಬರ ಮನಸ್ಸು ಕೆಟ್ಟಿರುವಾಗ, ಕುಡಿತ ಮಿತಿಮೀರಿದಾಗ, ಗಂಡಹೆಂಡಿರ ಜಗಳ ಕೈಮೀರಿದಾಗ ನಾವೇ ಹೋಗಿ ಠೇವಣಿ ಇಡುವುದರಲ್ಲಿ ಯಾವ ಅವಮಾನವೂ ಇಲ್ಲ.

ಆತ್ಮರಕ್ಷಣೆಯ ಮಾತನ್ನು ನಾನು ಹಗುರವಾಗಿ ತೆಗೆದುಹಾಕುತ್ತಿಲ್ಲ. ಒಂಟಿ ಮನೆ, ಸುತ್ತ ತೋಟ, ಮಳೆಗಾಲದಲ್ಲಿ ವಾರಗಟ್ಟಲೆ ಇಲ್ಲದ ಕರೆಂಟು, ಇವುಗಳ ನಡುವೆ ಒಬ್ಬಳೇ ಇರುವವಳು ನಾನು. ಹಿಂದೆ ತೋಟದ ವಾರದ ಸಂಬಳವನ್ನು ಪೇಟೆಯಿಂದ ನೋಟಿನಲ್ಲಿ ತರಬೇಕಾಗಿದ್ದ ಕಾಲದಲ್ಲಿ ಜೀಪಿನಲ್ಲಿ ಕೋವಿ ಇಟ್ಟುಕೊಂಡವರನ್ನು ಬಲ್ಲೆ, ಅವರ ಭಯ ನಿಜವಾದದ್ದು. ಮನೆಯಲ್ಲಿ ಕೋವಿ ಇದೆಯೆಂಬ ಧೈರ್ಯ ನನಗೂ ಬೇಕು. ಆ ಧೈರ್ಯಕ್ಕೆ ಕೋವಿ ಕಪಾಟಿನಲ್ಲಿದ್ದರೆ ಸಾಕಾಗುತ್ತದೆ; ಮದುವೆಯ ಊಟಕ್ಕೂ ಸಹಕಾರ ಸಂಘದ ಸಭೆಗೂ ಅದು ನನ್ನ ಜೊತೆ ಬರಬೇಕಾಗಿಲ್ಲ.

2019ರಲ್ಲಿ ಆಯುಧ ಕಾಯ್ದೆಗೆ ಆದ ತಿದ್ದುಪಡಿಯ ಬಗ್ಗೆಯೂ ಆತಂಕವಿದೆ. ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು ಅದು ಮೂರರಿಂದ ಎರಡಕ್ಕೆ ಇಳಿಸಿತು; ಸಂಭ್ರಮಾಚರಣೆಯಲ್ಲಿ ಇತರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದೆಂದಿತು. ಪುತ್ತರಿಯ ಗುಂಡಿಗೂ ಇದು ತಟ್ಟುತ್ತದೆಯೇ ಎಂದು ಹಲವರು ಕೇಳಿದ್ದಾರೆ. ಅಪಾಯವಾಗುವಂತೆ ಎಂಬ ಪದವೇ ಅಲ್ಲಿ ಮುಖ್ಯ. ಹಿರಿಯರೊಬ್ಬರು ಜನರಿಂದ ದೂರ ನಿಂತು, ನಳಿಗೆಯನ್ನು ಗದ್ದೆಯಾಚೆಗೆ ತಿರುಗಿಸಿ ಹೊಡೆಯುವ ಒಂದು ಗುಂಡಿಗೂ, ಇತ್ತೀಚೆಗೆ ಮೊಬೈಲಿನಲ್ಲಿ ಚಿತ್ರ ಹಿಡಿಸಿಕೊಳ್ಳಲೆಂದೇ ಗುಂಪಿನ ನಡುವೆ ಮೇಲಿಂದ ಮೇಲೆ ಹಾರಿಸುವ ಗುಂಡುಗಳಿಗೂ ಇರುವ ವ್ಯತ್ಯಾಸವನ್ನು ನಾವೇ ಕಾಪಾಡಿಕೊಳ್ಳದಿದ್ದರೆ ಪೊಲೀಸರು ಅದನ್ನು ಹುಡುಕಿ ಗುರುತಿಸುವುದಿಲ್ಲ.

2029ಕ್ಕೆ ಹೆಚ್ಚು ಸಮಯ ಉಳಿದಿಲ್ಲ. ಅವಧಿ ವಿಸ್ತರಣೆ ಕೇಳಲು ದೆಹಲಿಗೆ ಹೋಗುವ ನಮ್ಮ ಪ್ರತಿನಿಧಿಗಳು 1861ರ ಪ್ರಕಟಣೆಯ ಜೊತೆಗೆ ಈ ಹತ್ತು ವರ್ಷಗಳಲ್ಲಿ ನಾವು ಕೋವಿಯನ್ನು ಹೇಗೆ ನೋಡಿಕೊಂಡೆವು ಎಂಬುದನ್ನೂ ಹೇಳುವಂತಾಗಬೇಕು. ದೇಶದ ಉಳಿದೆಡೆ ಹೊಸದಾಗಿ ಪರವಾನಗಿ ಕೇಳುವವರು ಆಯುಧ ಬಳಕೆಯ ತರಬೇತಿ ಪಡೆಯಬೇಕು, ಭದ್ರವಾಗಿ ಇಡುವುದಾಗಿ ಬರೆದುಕೊಡಬೇಕು. ವಿನಾಯಿತಿ ಪತ್ರ ಪಡೆಯುವ ನಮ್ಮ ಹದಿಹರೆಯ ದಾಟಿದ ಮಕ್ಕಳಿಗೂ ಆ ತರಬೇತಿ ಇರಲಿ ಎಂದು ನಾವೇ ಕೇಳೋಣ. ಗೋಡೆಯ ಗೂಟಕ್ಕೆ ಕೋವಿ ತೂಗುಹಾಕುವ ಪದ್ಧತಿ ಮನೆ ತುಂಬ ದೊಡ್ಡವರಿದ್ದ ಕಾಲದ್ದು. ಈಗ ಬೀಗ ಹಾಕುವ ಕಬ್ಬಿಣದ ಕಪಾಟು ಬೇಕು, ತೋಟೆ ಬೇರೆ ಕಡೆ ಇರಬೇಕು. ನಿವೃತ್ತ ಸೈನಿಕರು ಪ್ರತಿ ಊರಿನಲ್ಲಿದ್ದಾರೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ಜಿಲ್ಲೆಯಲ್ಲಿ ಕಲಿಸುವವರಿಗೆ ಕೊರತೆಯಿಲ್ಲ.

ನಮ್ಮ ಊರಿನ ಮಟ್ಟಿಗೆ ಮುಂದಿನ ಕೈಲ್‌ ಪೊಳ್ದ್‌ಗೆ ಮೊದಲಿನ ಭಾನುವಾರ ಅಂಥ ಒಂದು ತರಗತಿ ನಡೆಸಲು ಇಬ್ಬರು ಮಾಜಿ ಸೈನಿಕರು ಒಪ್ಪಿದ್ದಾರೆ. ಜಿಲ್ಲಾಡಳಿತ ಒಬ್ಬ ಅಧಿಕಾರಿಯನ್ನು ಕಳುಹಿಸಿಕೊಟ್ಟರೆ ಉಪಕಾರವಾಗುತ್ತದೆ. ಜಾಗಕ್ಕೆ ನಮ್ಮ ಮನೆಯ ಕಣ ಇದೆ, ಮಧ್ಯಾಹ್ನದ ಊಟದ ಹೊಣೆ ನನ್ನದು. ಪತ್ರ ಬರೆದ ಆ ಇಬ್ಬರು ಯುವಕರೂ ಬರಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ನಾಪೋಕ್ಲು, ಕೊಡಗು